ಅಕ್ಕನಿಗೆ, ಪುಸ್ತಕಗಳ ವಿಚಾರವಾಗಿ

ಪ್ರೀತಿಯ ಅಕ್ಕಾ,

ಕಾಲಿಗೆ ಪ್ಲಾಸ್ಟರ್ ಬಿದ್ದ ಮೇಲೆ ನಿನ್ನ ಮೆಸೇಜ್‌ಗಳು ಜಾಸ್ತಿ ಆಗಿವೆ. ಎಲ್ಲದರಲ್ಲೂ ಒಂದೇ ಮಾತು: ಓದೋದಕ್ಕೆ ಏನಾದರೂ ಹೇಳು, ಆದರೆ ಹೆಚ್ಚು ಖರ್ಚಾಗಬಾರದು. ಫೋನಿನಲ್ಲಿ ಹೇಳಲು ಹೋದರೆ ಅಮ್ಮ ನಡುವೆ ಬಾಯಿ ಹಾಕಿ ಮಾತು ಎಲ್ಲಿಗೋ ಹೋಗುತ್ತದೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ನಿಧಾನಕ್ಕೆ ಓದು. ಹೇಗೂ ಎದ್ದು ಹೋಗುವ ಹಾಗಿಲ್ಲ.

ನೀನು ಕಳಿಸಿದ 'ಸಾವಿರ ಪುಸ್ತಕ ಪುಕ್ಕಟೆ' ಲಿಂಕನ್ನು ನಾನು ತೆರೆಯಲಿಲ್ಲ. ಕಳ್ಳಮಾಲು ಅನ್ನೋದು ಒಂದು ಕಾರಣ. ಸಾವಿರ ಪುಸ್ತಕ ಇಳಿಸಿಕೊಂಡವರು ಅದರಲ್ಲಿ ಒಂದನ್ನಾದರೂ ಓದಿ ಮುಗಿಸಿದ್ದನ್ನು ನಾನು ಕಂಡಿಲ್ಲ ಅನ್ನೋದು ಇನ್ನೊಂದು. ಮೊದಲು ಯಾವ ಪುಸ್ತಕ ಬೇಕು ಅಂತ ಗೊತ್ತಾಗಬೇಕು, ಅದು ಎಲ್ಲಿ ಅಗ್ಗ ಅನ್ನೋದು ಆಮೇಲಿನ ಮಾತು. ನೀನು ಹಿಂದುಮುಂದಾಗಿ ಶುರು ಮಾಡಿದ್ದೀಯ.

'ಅತಿ ಹೆಚ್ಚು ಮಾರಾಟ' ಅನ್ನೋ ಪಟ್ಟಿಗಳನ್ನು ನಾನು ನೋಡೋದೇ ಇಲ್ಲ. ಇಷ್ಟವಾದ ಪುಸ್ತಕವೊಂದರ ಮುನ್ನುಡಿ ತೆರೆಯುತ್ತೇನೆ, ಲೇಖಕರು ಯಾರನ್ನು ನೆನೆದಿದ್ದಾರೆ ಅಂತ ನೋಡುತ್ತೇನೆ. ಕೊನೆಯ ಪುಟಗಳಲ್ಲಿ ಬೇರೆ ಪುಸ್ತಕಗಳ ಹೆಸರಿದ್ದರೆ ಬರೆದುಕೊಳ್ಳುತ್ತೇನೆ. ಅನುವಾದವಾದರೆ ಅನುವಾದಕರ ಹೆಸರನ್ನೂ ಗುರುತು ಹಾಕಿಕೊಳ್ಳುತ್ತೇನೆ. ಒಳ್ಳೆಯ ಅನುವಾದಕರು ಕಳಪೆ ಪುಸ್ತಕಕ್ಕೆ ಕೈ ಹಾಕೋದು ಕಡಿಮೆ. ವಿಮರ್ಶೆ ಓದಲೇಬೇಕು ಅನ್ನಿಸಿದರೆ ಮೂರು ನಕ್ಷತ್ರ ಕೊಟ್ಟವರದನ್ನು ಓದು. ಐದು ಕೊಟ್ಟವರು ಬರೀ ಹೊಗಳುತ್ತಾರೆ, ಒಂದು ಕೊಟ್ಟವರಿಗೆ ಪಾರ್ಸೆಲ್ ತಡವಾಗಿ ಬಂದಿರುತ್ತದೆ. ಮೂರು ಕೊಟ್ಟವರು ಪುಸ್ತಕ ಓದಿರುತ್ತಾರೆ.

ಇನ್ನು ಸ್ಯಾಂಪಲ್. ಇ-ಪುಸ್ತಕ ಮಾರುವ ಕಿಂಡಲ್, ಗೂಗಲ್ ಪ್ಲೇ ಬುಕ್ಸ್, ಕೋಬೊ, ಎಲ್ಲ ಕಡೆಯೂ ಪುಸ್ತಕದ ಮೊದಲ ಭಾಗವನ್ನು ಸುಮ್ನೆ ಓದಲು ಕೊಡುತ್ತಾರೆ. ಮೊದಲ ಪುಟವನ್ನು ಎಲ್ಲರೂ ಚೆನ್ನಾಗಿಯೇ ಬರೆಯುತ್ತಾರೆ, ಅದನ್ನು ನಂಬಬೇಡ. ಸ್ಯಾಂಪಲ್ ಮುಗಿದಾಗ 'ಅಯ್ಯೋ, ಇಷ್ಟೇನಾ' ಅನ್ನಿಸಿದರೆ ಕೊಳ್ಳು. ಇಲ್ಲದಿದ್ದರೆ ಬಿಟ್ಟುಬಿಡು. ತೀರಾ ಅಗ್ಗದ ಇ-ಪುಸ್ತಕಗಳ ವಿಷಯದಲ್ಲಂತೂ ಸ್ಯಾಂಪಲ್ ನೋಡದೆ ಗುಂಡಿ ಒತ್ತಬೇಡ. ಹೆಸರಾಂತ ಪುಸ್ತಕದ ಪಕ್ಕದಲ್ಲೇ ಅದೇ ಹೆಸರಿನ ಸಾರಾಂಶ ಮಾರುತ್ತಿರುತ್ತಾರೆ, ಮುಖಪುಟ ಹೆಚ್ಚುಕಡಿಮೆ ಅದೇ ಬಣ್ಣ.

ಪುಕ್ಕಟೆ ಪುಸ್ತಕ ಬೇಡ ಅಂತ ನಾನು ಹೇಳುತ್ತಿಲ್ಲ. ನ್ಯಾಯವಾಗಿಯೇ ಪುಕ್ಕಟೆ ಸಿಗೋದು ಬೇಕಾದಷ್ಟಿದೆ. ಭಾರತದಲ್ಲಿ ಲೇಖಕರು ತೀರಿಕೊಂಡು, ಅದರ ಮರುವರ್ಷದಿಂದ 60 ವರ್ಷ ಕಳೆದರೆ ಹಕ್ಕು (ಕಾಪಿರೈಟ್) ಮುಗಿದು ಪುಸ್ತಕ ಎಲ್ಲರದು. ಬಿ.ಎಂ.ಶ್ರೀ ತೀರಿಕೊಂಡಿದ್ದು 1946ರಲ್ಲಿ, ಹಾಗಾಗಿ ಅವರು ಬರೆದದ್ದನ್ನು ಯಾರು ಬೇಕಾದರೂ ಹಂಚಬಹುದು. ಕಾರಂತರು ಹೋಗಿದ್ದು 1997ರಲ್ಲಿ, ಅವರ ಪುಸ್ತಕಗಳಿಗೆ 2058ರ ಜನವರಿವರೆಗೆ ಕಾಯಬೇಕು. ಅಲ್ಲಿಯವರೆಗೆ ಅವರ ಕಾದಂಬರಿಯ ಪಿಡಿಎಫ್ ಯಾರಾದರೂ ಗ್ರೂಪಿಗೆ ಹಾಕಿದರೆ ಅದು ಕಳ್ಳಮಾಲೇ ಅಂತ ನಿನಗೇ ಗೊತ್ತಾಗುತ್ತದೆ. ಯುರೋಪಿನಲ್ಲಿ ಇದು 70 ವರ್ಷ. ಅಮೆರಿಕದಲ್ಲಿ ಹಳೆಯ ಪುಸ್ತಕಗಳಿಗೆ ಲೆಕ್ಕವೇ ಬೇರೆ, ಪ್ರಕಟವಾದ ವರ್ಷದಿಂದ 95. ಹಾಗಾಗಿ ಒಂದು ದೇಶದಲ್ಲಿ ಪುಕ್ಕಟೆ ಇರೋದು ಇನ್ನೊಂದರಲ್ಲಿ ಇರಬೇಕಿಲ್ಲ. ಅನುವಾದಕ್ಕೆ ಅನುವಾದಕರ ಹಕ್ಕು ಪ್ರತ್ಯೇಕ. ಮೂಲ ಎಷ್ಟೇ ಹಳೆಯದಾಗಿರಲಿ, ಮೊನ್ನೆ ಮಾಡಿದ ಅನುವಾದ ಪುಕ್ಕಟೆ ಆಗೋದಿಲ್ಲ.

ಇಂಗ್ಲಿಷ್ ಹಳೆಯ ಪುಸ್ತಕಗಳಿಗೆ ಪ್ರಾಜೆಕ್ಟ್ ಗುಟೆನ್‌ಬರ್ಗ್ ಇದೆ. 1971ರಲ್ಲಿ ಮೈಕೆಲ್ ಹಾರ್ಟ್ ಅನ್ನುವವರು ಅಮೆರಿಕದ ಸ್ವಾತಂತ್ರ್ಯ ಘೋಷಣೆಯನ್ನು ಕಂಪ್ಯೂಟರಿನಲ್ಲಿ ಟೈಪ್ ಮಾಡಿ ಶುರು ಮಾಡಿದ್ದು, ಈಗ 70 ಸಾವಿರಕ್ಕೂ ಹೆಚ್ಚು ಪುಸ್ತಕಗಳಿವೆ. ಅಲ್ಲಿನ ಪಠ್ಯವನ್ನೇ ತೆಗೆದುಕೊಂಡು, ತಪ್ಪು ತಿದ್ದಿ, ಅಚ್ಚುಕಟ್ಟಾಗಿ ಜೋಡಿಸಿ ಕೊಡುವವರು ಸ್ಟ್ಯಾಂಡರ್ಡ್ ಇಬುಕ್ಸ್. ಎರಡರಲ್ಲೂ ಒಂದೇ ಪುಸ್ತಕ ಇದ್ದರೆ ನಾನು ಎರಡನೆಯವರದನ್ನೇ ಇಳಿಸಿಕೊಳ್ಳೋದು. ಕಣ್ಣಿಗೆ ಹಿತ.

ಕನ್ನಡಕ್ಕೆ ಬಂದರೆ ಇಂಟರ್ನೆಟ್ ಆರ್ಕೈವ್ ಅನ್ನೋ ಜಾಲತಾಣ ದೊಡ್ಡ ಕಣಜ. ಹಿಂದೆ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದವರು ಸ್ಕ್ಯಾನ್ ಮಾಡಿದ್ದ ಬಹಳಷ್ಟು ಕನ್ನಡ ಪುಸ್ತಕ ಅಲ್ಲಿವೆ. ಹುಡುಕೋದೇ ಕಷ್ಟ. ಹೆಸರುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ, ಅವರವರ ಬಾಯಿಗೆ ಬಂದಂತೆ ಬರೆದಿದ್ದಾರೆ. ಒಂದು ಕಡೆ 'ಎಚ್' ಜಾಸ್ತಿ, ಇನ್ನೊಂದು ಕಡೆ 'ಎ' ಕಡಿಮೆ. ಕನ್ನಡದಲ್ಲಿ ಹುಡುಕು, ಸಿಗದಿದ್ದರೆ ಇಂಗ್ಲಿಷಿನಲ್ಲಿ ನಾಲ್ಕು ಥರ ಬರೆದು ಹುಡುಕು. ಪುಸ್ತಕದ ಹೆಸರಿಗೆ ಸಿಗದೇ ಇದ್ದದ್ದು ಲೇಖಕರ ಹೆಸರಿಗೆ ಸಿಗುತ್ತದೆ. ಅಲ್ಲಿ ಇದ್ದ ಮಾತ್ರಕ್ಕೆ ಎಲ್ಲವೂ ಹಕ್ಕು ಮುಗಿದ ಪುಸ್ತಕ ಅಲ್ಲ, ಲೇಖಕರ ವರ್ಷ ನೋಡಿಕೋ.

ಸಿಕ್ಕ ಮೇಲೆ ಇನ್ನೊಂದು ತಾಪತ್ರಯ ಇದೆ. ಸ್ಕ್ಯಾನ್ ಮಾಡಿದ ಪಿಡಿಎಫ್ ಅಂದರೆ ಪುಟದ ಫೋಟೋ ಅಷ್ಟೇ. ಪುಟದ ಮೂಲೆಯಲ್ಲಿ ಲೈಬ್ರರಿಯ ಸೀಲು, ಯಾರೋ ಪೆನ್ಸಿಲ್‌ನಲ್ಲಿ ಎಳೆದ ಗೆರೆ, ಕೆಲವೊಮ್ಮೆ ಸ್ಕ್ಯಾನ್ ಮಾಡಿದವರ ಹೆಬ್ಬೆರಳು, ಎಲ್ಲ ಬಂದಿರುತ್ತದೆ. ಫೋನಿನಲ್ಲಿ ತೆರೆದರೆ ಅಕ್ಷರ ಇರುವೆ ಸಾಲು. ಹಿಗ್ಗಿಸಿದರೆ ಸಾಲಿನ ಅರ್ಧ ಪರದೆಯ ಆಚೆ ಹೋಗುತ್ತದೆ. ಪ್ರತಿ ಸಾಲಿಗೂ ಬೆರಳಿನಲ್ಲಿ ಬಲಕ್ಕೆ ಎಳೆಯಬೇಕು, ಮತ್ತೆ ಎಡಕ್ಕೆ ತರಬೇಕು. ಹತ್ತು ಪುಟಕ್ಕೆ ಸಾಕಪ್ಪಾ ಅನ್ನಿಸುತ್ತದೆ. ಇ-ಪಬ್ ಫೈಲ್ ಹಾಗಲ್ಲ. ಅದರಲ್ಲಿ ನಿಜವಾದ ಅಕ್ಷರ ಇರುತ್ತದೆ. ದೊಡ್ಡದು ಮಾಡಿದರೆ ಸಾಲುಗಳು ತಾವೇ ಒಡೆದು ಪರದೆಯ ಅಗಲಕ್ಕೆ ಕೂರುತ್ತವೆ, ಪುಟದ ಸಂಖ್ಯೆ ಹೆಚ್ಚಾಗುತ್ತದೆ ಅಷ್ಟೇ. ಅದಕ್ಕೇ ಎರಡೂ ಇದ್ದಾಗ ಇ-ಪಬ್ ಇಳಿಸಿಕೋ. ಪಿಡಿಎಫ್ ಮಾತ್ರ ಇದ್ದರೆ ಫೋನ್ ಬಿಡು, ಲ್ಯಾಪ್‌ಟಾಪ್ ತೊಡೆ ಮೇಲೆ ಇಟ್ಟುಕೋ.

ಕ್ಯಾಲಿಬರ್ ಅನ್ನೋ ಪುಕ್ಕಟೆ ಸಾಫ್ಟ್‌ವೇರ್ ಹಾಕಿಕೊಂಡರೆ ಪುಸ್ತಕಗಳನ್ನು ಒಂದೇ ಕಡೆ ಜೋಡಿಸಿಡಬಹುದು, ಒಂದು ಬಗೆಯ ಫೈಲನ್ನು ಇನ್ನೊಂದಕ್ಕೆ ಬದಲಾಯಿಸಲೂಬಹುದು. ಆದರೆ ಫೋಟೋದಂಥ ಪಿಡಿಎಫ್ ಅದಕ್ಕೂ ಬಗ್ಗೋದಿಲ್ಲ. ಫೋಟೋದಿಂದ ಅಕ್ಷರ ಎತ್ತುವ ಒಸಿಆರ್ ಇದೆ, ಕನ್ನಡದಲ್ಲಿ ಒತ್ತಕ್ಷರ ಬಂದ ಕಡೆ ಎಡವುತ್ತದೆ. ಕನ್ನಡ ವಿಕಿಸೋರ್ಸ್ ಅನ್ನೋ ಪುಕ್ಕಟೆ ಪುಸ್ತಕಗಳ ತಾಣದಲ್ಲಿ ಆಸಕ್ತರು ಸ್ಕ್ಯಾನ್ ಪುಟವನ್ನು ಪಕ್ಕಕ್ಕಿಟ್ಟುಕೊಂಡು ಈ ತಪ್ಪುಗಳನ್ನು ಒಂದೊಂದಾಗಿ ತಿದ್ದುತ್ತಾರೆ. ಒಬ್ಬರು ತಿದ್ದಿದರೆ ಪುಟಕ್ಕೆ ಹಳದಿ ಬಣ್ಣ, ಇನ್ನೊಬ್ಬರು ನೋಡಿ ಸರಿ ಅಂದ ಮೇಲೆ ಹಸಿರು. ನಿನ್ನ ಕನ್ನಡ ನನ್ನದಕ್ಕಿಂತ ಚೆನ್ನಾಗಿದೆ, ಸಮಯವೂ ಇದೆ. ಯೋಚಿಸು.

ಇಲ್ಲಿ ಪರದೇಶದಲ್ಲಿ ನನಗಿರುವ ಲೈಬ್ರರಿ ಕಾರ್ಡ್ ಕೇಳಿದ್ದೆ ಅಲ್ವಾ? ಕೊಡೋದಕ್ಕೆ ಆಗೋದಿಲ್ಲ, ಇಲ್ಲಿ ವಾಸ ಇರುವವರಿಗೆ ಮಾತ್ರ ಅದು. ಲಿಬಿ ಅನ್ನೋ ಆ್ಯಪ್‌ನಲ್ಲಿ ಕಾರ್ಡ್ ಸಂಖ್ಯೆ ಹಾಕಿ ನಾನು ಪುಸ್ತಕ ಎರವಲು ತರುತ್ತೇನೆ. ಅಲ್ಲೂ ಸರದಿ ಇದೆ. ಕಂಪ್ಯೂಟರ್ ಫೈಲಿಗೆ ಎಂಥ ಸರದಿ ಅಂತ ನನಗೂ ಮೊದಲು ನಗು ಬಂದಿತ್ತು. ಲೈಬ್ರರಿ ಕೊಳ್ಳೋದು ಸಾಮಾನ್ಯವಾಗಿ ಒಂದು ಪ್ರತಿಗೆ ಒಬ್ಬ ಓದುಗ ಅನ್ನುವ ಲೈಸೆನ್ಸ್. ಅದಕ್ಕೂ ಆಯಸ್ಸು ಇರುತ್ತದೆ, ಕೆಲವು ಪ್ರಕಾಶಕರದು 26 ಸಲ ಎರವಲು ಕೊಟ್ಟರೆ ಮುಗಿಯಿತು, ಇನ್ನು ಕೆಲವರದು 2 ವರ್ಷಕ್ಕೆ ಮುಗಿಯುತ್ತದೆ. ಮತ್ತೆ ದುಡ್ಡು ಕೊಟ್ಟು ಕೊಳ್ಳಬೇಕು. ಆದರೂ ಓದುಗರಿಗೆ ಇದಕ್ಕಿಂತ ಅಗ್ಗದ ದಾರಿ ಇಲ್ಲ. ನಿನಗೆ ಹತ್ತಿರದ ಯಾವ ಲೈಬ್ರರಿ ಇ-ಪುಸ್ತಕ ಕೊಡುತ್ತದೆ ಅಂತ ಮೊದಲು ವಿಚಾರಿಸು, ಕೊಳ್ಳೋದು ಆಮೇಲೆ.

ನಾನು ಇಲ್ಲಿಂದ ಕೊಂಡು ಕಳಿಸೋಣ ಅಂದರೆ ಅದೂ ಸರಿಹೋಗೋದಿಲ್ಲ. ಇ-ಪುಸ್ತಕದ ಹಕ್ಕನ್ನು ದೇಶದ ಲೆಕ್ಕದಲ್ಲಿ ಮಾರುತ್ತಾರೆ, ಅದಕ್ಕೇ ನನ್ನ ಖಾತೆಯಲ್ಲಿ ಕಾಣುವ ಪುಸ್ತಕ ನಿನ್ನದರಲ್ಲಿ ಕಾಣದೇ ಇರಬಹುದು, ಬೆಲೆಯೂ ಬೇರೆ. ಬೇಕಾದ ಪುಸ್ತಕವನ್ನು ವಿಶ್‌ಲಿಸ್ಟ್‌ಗೆ ಹಾಕಿ ಆಗಾಗ ಇಣುಕು. ಇ-ಪುಸ್ತಕದ ಬೆಲೆ ಒಂದೇ ವಾರದಲ್ಲಿ ಅರ್ಧಕ್ಕೆ ಇಳಿದು ಮತ್ತೆ ಏರುವುದುಂಟು. ತಿಂಗಳ ಚಂದಾ ಅನ್ನೋದು ದಿನವಿಡೀ ಓದುವವರಿಗೆ ಲಾಭ. ಈಗ ನಿನಗೆ ಲಾಭವೇ. ನಡೆದಾಡೋದಕ್ಕೆ ಶುರು ಮಾಡಿದ ತಿಂಗಳೇ ನಿಲ್ಲಿಸಿಬಿಡು, ಅದು ತಾನಾಗಿ ನಿಲ್ಲೋದಿಲ್ಲ.

ದುಡ್ಡು ಕೊಟ್ಟು ಕೊಂಡರೂ ಬಹಳಷ್ಟು ಕಡೆ ನಿನಗೆ ಸಿಗೋದು ಓದುವ ಅನುಮತಿ ಮಾತ್ರ ಅನ್ನೋದು ಗೊತ್ತಿರಲಿ. 2009ರಲ್ಲಿ ಅಮೆಜಾನ್, ಹಕ್ಕಿಲ್ಲದವರು ಮಾರಿದ್ದರು ಅಂತ, ಜನರ ಕಿಂಡಲ್‌ಗಳಿಂದ ಪುಸ್ತಕವನ್ನು ದೂರದಿಂದಲೇ ಅಳಿಸಿಹಾಕಿತ್ತು. ದುಡ್ಡು ವಾಪಸ್ ಕೊಟ್ಟರು, ಕ್ಷಮೆಯನ್ನೂ ಕೇಳಿದರು. ಅಳಿಸಿದ್ದರಲ್ಲಿ ಒಂದು ಆರ್ವೆಲ್‌ನ '1984', ಸರ್ಕಾರವೇ ಹಳೆಯ ದಾಖಲೆಗಳನ್ನು ಅಳಿಸಿ ತಿದ್ದುವ ಕಾದಂಬರಿ! ಹಾಗಾಗಿ ಮತ್ತೆ ಮತ್ತೆ ಓದುವ ಪುಸ್ತಕವನ್ನು ನಾನು ಕಾಗದದಲ್ಲೇ ಕೊಳ್ಳೋದು. ಒಂದು ಸಲ ಓದಿ ಬಿಡುವಂಥದ್ದಕ್ಕೆ ಇ-ಪುಸ್ತಕ ಸಾಕು.

ಅಪ್ಪನಿಗೆ ಕಣ್ಣು ಬೇಗ ದಣಿಯುತ್ತದೆ ಅಂದೆಯಲ್ಲ, ಅವರಿಗೆ ಲಿಬ್ರಿವಾಕ್ಸ್ ತೋರಿಸು. ಹಕ್ಕು ಮುಗಿದ ಪುಸ್ತಕಗಳನ್ನು ಆಸಕ್ತರು ಗಟ್ಟಿಯಾಗಿ ಓದಿ ಹಾಕಿರುತ್ತಾರೆ, 2005ರಿಂದ ನಡೆಯುತ್ತಿದೆ, ಪೂರ್ತಿ ಪುಕ್ಕಟೆ. ಹೆಚ್ಚಿನವು ಇಂಗ್ಲಿಷಿನವು. ಓದುವವರ ದನಿ ಅಧ್ಯಾಯಕ್ಕೊಂದು ಬದಲಾಗುವುದುಂಟು, ಅಪ್ಪ ಗೊಣಗುತ್ತಾರೆ. ಪೂರ್ತಿ ಒಬ್ಬರೇ ಓದಿದ್ದನ್ನು ಆರಿಸಿ ಕೊಡು.

ಈಗ ನಿನ್ನ ಕೆಲಸ. ಇತ್ತೀಚೆಗೆ ನಿನಗೆ ತುಂಬಾ ಹಿಡಿಸಿದ ಮೂರು ಪುಸ್ತಕ, ಅರ್ಧಕ್ಕೇ ಬಿಟ್ಟ ಒಂದು ಪುಸ್ತಕ, ಇಷ್ಟರ ಹೆಸರು ಬರೆದು ಕಳಿಸು. ಬಿಟ್ಟಿದ್ದು ಯಾಕೆ ಅಂತಲೂ ಬರೆ, ಅದೇ ಮುಖ್ಯ. ಫೋನಿನಲ್ಲಿ ಓದುತ್ತೀಯೋ ಲ್ಯಾಪ್‌ಟಾಪ್‌ನಲ್ಲೋ ಅದನ್ನೂ ಹೇಳು. ಭಾನುವಾರದೊಳಗೆ ಕಳಿಸಿದರೆ ಆವತ್ತೇ ಕೂತು ಹುಡುಕುತ್ತೇನೆ.

ಅಮ್ಮನಿಗೆ, ಅಪ್ಪನಿಗೆ ನಮಸ್ಕಾರ ತಿಳಿಸು.

ನಿನ್ನ ತಮ್ಮ