ಲೇಡೀಸ್ ಚೈನ್ ದಾಟಿಸಿದವರಿಗೆ

ಶನಿವಾರದ ಕೇಲಿಯಲ್ಲಿ, ಅಂದರೆ ಐರಿಶ್ ಸಂಗೀತ-ಕುಣಿತದ ಕೂಟದಲ್ಲಿ, ನಮ್ಮ ಸೆಟ್ ಎಲ್ಲೂ ನಿಲ್ಲದೆ ಮುಗಿಯಿತು. ಲೇಡೀಸ್ ಚೈನ್ ಕೂಡ! ವಿಡಿಯೊ ನೋಡಿ ಮೆಸೇಜ್ ಮಾಡಿದ ಎಲ್ಲರಿಗೂ ಥ್ಯಾಂಕ್ಸ್. ಸೀರೆ ಯಾಕೆ ಉಡಲಿಲ್ಲ ಅಂತ ಕೇಳಿದ ಅತ್ತಿಗೆಗೆ ಒಂದೇ ಉತ್ತರ: ರೀಲ್ ಅನ್ನೋ ಐರಿಶ್ ಧಾಟಿಯ ವೇಗಕ್ಕೆ ನೆರಿಗೆ ನಿಲ್ಲಲ್ಲ.

ಗೊತ್ತಿಲ್ಲದವರಿಗೆ ಎರಡು ಮಾತು. ಐರ್ಲೆಂಡಿನ ಸೆಟ್ ಡ್ಯಾನ್ಸ್‌ನಲ್ಲಿ ನಾಲ್ಕು ಜೋಡಿ ಚೌಕವಾಗಿ ನಿಲ್ಲುತ್ತವೆ. ಫ್ರಾನ್ಸಿನ ಕ್ವಾಡ್ರಿಲ್ ಇಲ್ಲಿಗೆ ಬಂದು, ಇಲ್ಲಿನ ರೀಲ್, ಜಿಗ್, ಪೋಲ್ಕಾ ಧಾಟಿಗಳಿಗೆ ಒಗ್ಗಿಕೊಂಡದ್ದು. ಲೇಡೀಸ್ ಚೈನ್‌ನಲ್ಲಿ ಎದುರುಬದುರಿನ ಇಬ್ಬರು ಹೆಂಗಸರು ಬಲಗೈ ಕೊಟ್ಟು ದಾಟಬೇಕು. ಆಚೆಯ ಗಂಡಸಿಗೆ ಎಡಗೈ ಕೊಟ್ಟು ಒಂದು ಸುತ್ತು. ವಾಪಸ್ ಬರುವಾಗ ಮತ್ತೆ ಬಲಗೈ, ಕೊನೆಗೆ ತನ್ನ ಜೊತೆಗಾರನಿಗೆ ಎಡಗೈ. ಸಂಗೀತದ ಎಂಟು ಬಾರ್ (ತಾಳದ ಸುತ್ತು) ಮುಗಿಯುವಷ್ಟರಲ್ಲಿ ಸ್ವಂತ ಜಾಗದಲ್ಲಿರಬೇಕು. ನಮ್ಮ ಜಡೆ ಕೋಲಾಟದಲ್ಲಿ ತಪ್ಪಿದರೆ ಹಗ್ಗ ಗಂಟಾಗುತ್ತೆ. ಇಲ್ಲಿ ಹಗ್ಗವೂ ಇಲ್ಲ. ಚಾಚಿದ ಕೈ ಹಾಗೇ ಉಳಿಯುತ್ತೆ, ಏಳು ಜನ ನಿಮ್ಮನ್ನೇ ನೋಡುತ್ತಾರೆ.

ಕಲಿಸಿದ ಮೇಷ್ಟ್ರು, ನಮಗೋಸ್ಕರ ನಿಧಾನವಾಗಿ ಬಾರಿಸಿದ ಅಕಾರ್ಡಿಯನ್‌ನವರು, ಕಾಲು ತುಳಿಸಿಕೊಂಡೂ ನಗುತ್ತಿದ್ದ ನನ್ನ ಜೊತೆಗಾರ, ಹಾಲ್ ಬೀಗ ತೆಗೆದು ಹೀಟರ್ ಹಾಕಿಡುತ್ತಿದ್ದವರು, ಎಲ್ಲರಿಗೂ ನಮಸ್ಕಾರ.

ಇನ್ನು ನನ್ನ ಎದುರು ಜೋಡಿಯ ಹೆಂಗಸು. ಮನಸ್ಸಿನಲ್ಲಿ ಅವರನ್ನು ಅಜ್ಜಿ ಅಂತಲೇ ಕರೆಯುತ್ತೇನೆ. ಹುಟ್ಟೂರು ಐರ್ಲೆಂಡಿನ ಕ್ಲೇರ್ ಕೌಂಟಿಯ ಕಡಲ ಕಡೆ. ಮಾತು ಕಡಿಮೆ, ಬೈಗುಳ ಧಾರಾಳ.

ನವೆಂಬರ್‌ನಲ್ಲಿ ಅಪ್ಪ ತೀರಿಕೊಂಡರು ಅಂತ ಊರಿಂದ ಬಂದ ಫೋನಿನ ವಿಷಯ ನಿಮಗೆಲ್ಲ ಗೊತ್ತೇ ಇದೆ. ಅವತ್ತು ಅಜ್ಜಿ ಎಂದಿನಂತೆ ನನ್ನನ್ನು ಕ್ಲಾಸಿಗೆ ಕರೆದೊಯ್ಯಲು ಬಂದರು. ಬಾಗಿಲಲ್ಲಿ ನನ್ನ ಮುಖ ನೋಡಿದರು, ಒಳಗೆ ಬಂದು ಕೋಟು ಬಿಚ್ಚಿಟ್ಟರು. ಫ್ಲೈಟ್ ಇದ್ದದ್ದು ಮರುದಿನ. ನೀವು ಹೋಗಿ, ನಾನು ಇರ್ತೀನಿ ಅಂದೆ. ಸಾವಾದ ಮನೆಯಲ್ಲಿ ರಾತ್ರಿ ಒಬ್ಬರನ್ನೇ ಬಿಟ್ಟು ಹೋಗಲ್ಲ, ನಮ್ಮ ಕಡೆ ಹಾಗೇ ಅಂದರು. ಇಲ್ಲಿ ಶವದ ಜೊತೆ ಅಕ್ಕಪಕ್ಕದವರು ರಾತ್ರಿಯಿಡೀ ಕೂರುವ ಪದ್ಧತಿಯಿದೆ. ಶವ ಸಾವಿರಾರು ಮೈಲಿ ದೂರವಿತ್ತು. ಅವರು ಮಾತ್ರ ಕೂತರು.

ಟೀ ಮಾಡಿದರು, ಸೋಡಾ ಬ್ರೆಡ್ ಹೆಚ್ಚಿದರು. ನಾನು ಮುಟ್ಟಲಿಲ್ಲ. ನಡುರಾತ್ರಿ ದಾಟಿದ ಮೇಲೆ ಎದ್ದು ಅಡುಗೆಮನೆಯ ಎರಡು ಕುರ್ಚಿಗಳನ್ನು ಎದುರುಬದುರು ಇಟ್ಟರು. ಒಂದರ ಬೆನ್ನಿಗೆ ನನ್ನ ಜಾಕೆಟ್, ಇನ್ನೊಂದಕ್ಕೆ ಪಾತ್ರೆ ಒರೆಸುವ ಬಟ್ಟೆ. ಇವೇ ಗಂಡಸರು. "ನಿಜವಾದ ಗಂಡಸರಿಗಿಂತ ವಾಸಿ, ಕಾಲು ತುಳಿಯಲ್ಲ" ಅಂದರು. ಬಾಯಲ್ಲೇ ರೀಲ್ ಗುನುಗುತ್ತಾ ಬಲಗೈ ಚಾಚಿದರು. ಸೂತಕದಲ್ಲಿ ಕುಣಿತವಾ ಅಂತ ಅಮ್ಮ ಕೇಳಿದರೆ ಏನು ಹೇಳಲಿ? ಕುಣಿತ ಅಲ್ಲ ಅಮ್ಮ, ಸುಮ್ನೆ ನಡೆದೆವು. ಬಲಗೈ, ಎಡಗೈ ಕುರ್ಚಿಗೆ, ಬಲಗೈ. ಕಾಲು ನೋಡ್ಬೇಡ, ಮುಂದೆ ಬರುವ ಕೈ ನೋಡು ಅಂತ ಗದರಿದರು. ಅಪ್ಪನ ಕೈ ಹಿಡಿಯಲು ನಾನು ಅಲ್ಲಿರಲಿಲ್ಲ ಅಂತ ಆಗಲೇ ಬಾಯಿಂದ ಬಂತು. ಆವರೆಗೆ ಯಾರ ಹತ್ತಿರವೂ ಹೇಳಿರಲಿಲ್ಲ. ಅವರು ಸಮಾಧಾನ ಮಾಡಲಿಲ್ಲ. ಗುನುಗುವುದನ್ನು ನಿಲ್ಲಿಸಿದರು, ಕೈ ಬಿಡಲಿಲ್ಲ. ನಾನು ಅತ್ತು ಮುಗಿಸಿದ ಮೇಲೆ ಮೊದಲಿಂದ ಶುರು ಮಾಡಿಸಿದರು.

ಬೆಳಿಗ್ಗೆ ಏರ್‌ಪೋರ್ಟಿಗೆ ಬಿಟ್ಟವರೂ ಅವರೇ. ಅವರಿಗೆ ಕನ್ನಡ ಬರಲ್ಲ, ಇದನ್ನು ಓದಿ ಹೇಳುವ ಕೆಲಸ ನನ್ನದು. ಜಾಸ್ತಿ ಹೊಗಳಿದ್ದೀಯ ಅಂತ ಬೈಸಿಕೊಳ್ಳಲು ರೆಡಿಯಿದ್ದೇನೆ.

ಜುಲೈನಲ್ಲಿ ಇಬ್ಬರೂ ಕ್ಲೇರ್‌ನ ಮಿಲ್‌ಟೌನ್ ಮಾಲ್‌ಬೇ ಊರಿಗೆ ಹೊರಟಿದ್ದೇವೆ. 1973ರಿಂದ ಅಲ್ಲಿ ಐರಿಶ್ ಸಂಗೀತ, ಕುಣಿತ ಕಲಿಸುವ ವಿಲ್ಲಿ ಕ್ಲ್ಯಾನ್ಸಿ ಬೇಸಿಗೆ ಶಾಲೆ ನಡೆಯುತ್ತಿದೆ. ಹಗಲು ಕ್ಲಾಸು, ರಾತ್ರಿ ಕೇಲಿ. ಅಜ್ಜಿಗೆ ಮಂಡಿನೋವು, ಹಾಗಾಗಿ ಡ್ರೈವಿಂಗ್ ಈ ಸಲ ನಂದು. ಹಿಂದಿನ ಸೀಟು ಖಾಲಿಯಿದೆ. ಬರುವವರು ಈಗಲೇ ಹೇಳಿ, ಆ ವಾರ ಅಲ್ಲಿ ರೂಮ್ ಸಿಗೋದು ಕಷ್ಟ.