ಲಿವರ್ ಕ್ಯಾನ್ಸರ್ ಜೀನ್: ಕಂಪ್ಯೂಟರ್ ಪಟ್ಟಿ ನಂಬುವ ಮುನ್ನ

ಮಾನ್ಯರೇ,

ಲಿವರ್ ಕ್ಯಾನ್ಸರ್ ಗಡ್ಡೆಯಲ್ಲಿ ರಕ್ತನಾಳ ಬೆಳೆಸುವ ಜೀನ್‌ಗಳನ್ನು ಕಂಪ್ಯೂಟರಿನಲ್ಲಿ ಹುಡುಕಲು ಈಗ ದೊಡ್ಡ ಪ್ರಯೋಗಾಲಯವೇ ಬೇಕಿಲ್ಲ. ಚಿಕ್ಕಅಳುವಾರದಲ್ಲೋ ಮಡಿಕೇರಿಯಲ್ಲೋ ಓದುವ ವಿದ್ಯಾರ್ಥಿಯೂ ಮಾಡಬಹುದು. ಎಡವುವುದೂ ಅಷ್ಟೇ ಸುಲಭ.

ಅಮೆರಿಕದ ಕ್ಯಾನ್ಸರ್ ಜೀನ್ ದತ್ತಾಂಶ ಸಂಗ್ರಹವಾದ ಟಿಸಿಜಿಎ ಯೋಜನೆಯ 371 ಗಡ್ಡೆಗಳ ಮತ್ತು ಪಕ್ಕದ ಅಂಗಾಂಶದ 50 ಮಾದರಿಗಳ ಜೀನ್ ಎಣಿಕೆ (ಪ್ರತಿ ಜೀನ್ ಎಷ್ಟು ಚುರುಕಾಗಿದೆ ಎಂಬ ಲೆಕ್ಕ) ಉಚಿತ. ಎಲ್ಲ ಸೇರಿ ಸುಮಾರು 2 ಜಿಬಿ. 8 ಜಿಬಿ ರ‍್ಯಾಮ್‌ನ ಲ್ಯಾಪ್‌ಟಾಪ್, ‘ಆರ್’ ತಂತ್ರಾಂಶ ಸಾಕು. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟಿನ ಪಾಡು ಗೊತ್ತೇ ಇದೆ, ಅರ್ಧಕ್ಕೆ ನಿಂತ ಡೌನ್‌ಲೋಡ್ ಇದೆಯೇ ನೋಡಿಕೊಳ್ಳಿ. ಪ್ರತಿ ಕಡತದಲ್ಲಿ ಶೀರ್ಷಿಕೆಯ ನಂತರದ ಮೊದಲ ನಾಲ್ಕು ಸಾಲುಗಳು ಜೀನ್‌ಗಳಲ್ಲ, ಯಾವ ಜೀನ್‌ಗೂ ಸೇರದ ತುಣುಕುಗಳ ಲೆಕ್ಕ, ತೆಗೆಯಿರಿ. ಗಡ್ಡೆ ಮತ್ತು ಪಕ್ಕದ ಅಂಗಾಂಶದ ಎಣಿಕೆ ಹೋಲಿಸುವ ‘ಆರ್’ನ ಡಿಇಸೆಕ್2 ಸಾಧನಕ್ಕೆ ಕೊಡಬೇಕಾದದ್ದು ಮೂಲ ಪೂರ್ಣಾಂಕ ಎಣಿಕೆ, ಟಿಪಿಎಂ (ಮೊದಲೇ ಸರಿಹೊಂದಿಸಿದ ಅಳತೆ) ಅಲ್ಲ. 20,000 ಜೀನ್‌ಗಳನ್ನು 0.05 ಮಿತಿಯಲ್ಲಿ (ನೂರಕ್ಕೆ ಐದು ಸುಳ್ಳು ಪತ್ತೆ ಒಪ್ಪಿ) ಪರೀಕ್ಷಿಸಿದರೆ ಬರೀ ಆಕಸ್ಮಿಕವಾಗಿಯೇ ಸಾವಿರದಷ್ಟು ‘ಪತ್ತೆ’ಯಾಗುತ್ತವೆ. ಹಾಗಾಗಿ ಎಫ್‌ಡಿಆರ್ ತಿದ್ದುಪಡಿ, ಅಂದರೆ ಪಟ್ಟಿಯಲ್ಲಿನ ಸುಳ್ಳು ಪತ್ತೆಗಳ ಪಾಲನ್ನು ಮಿತಿಯಲ್ಲಿಡುವ ಲೆಕ್ಕ, ಬೇಕೇ ಬೇಕು.

ನಿಜವಾದ ತೊಡಕು ಮುಂದಿದೆ. ಗಡ್ಡೆಯ ತುಂಡಿನಲ್ಲಿ ಕ್ಯಾನ್ಸರ್ ಕೋಶ, ರಕ್ತನಾಳದ ಒಳಪದರದ ಕೋಶ, ರಕ್ಷಣಾ ಕೋಶ ಎಲ್ಲವೂ ಬೆರೆತಿರುತ್ತವೆ. ಅರೇಬಿಕಾ, ರೊಬಸ್ಟಾ ಒಂದೇ ಗೋಣಿಗೆ ಸುರಿದು ತೂಗಿದ ಹಾಗೆ. ರಕ್ತನಾಳದ ಒಳಪದರದ ಗುರುತಾದ ಸಿಡಿ34 ಜೀನ್ ಹೆಚ್ಚಿದೆಯೆಂದರೆ ಒಳಪದರದ ಕೋಶಗಳೇ ಹೆಚ್ಚಾದವೋ, ಪ್ರತಿ ಕೋಶದಲ್ಲಿ ಜೀನ್ ಚುರುಕಾಯಿತೋ? ತೂಕವೊಂದರಿಂದ ತಿಳಿಯದು, ಒಂದೊಂದೇ ಕೋಶವನ್ನು ಬೇರೆಬೇರೆಯಾಗಿ ಅಳೆದ ದತ್ತಾಂಶದಲ್ಲಿ ನೋಡಬೇಕು. ‘ಪಕ್ಕದ’ ಅಂಗಾಂಶವೂ ಆರೋಗ್ಯವಂತರದ್ದಲ್ಲ, ಎಷ್ಟೋ ಸಲ ಸಿರೋಸಿಸ್ ಆದ (ಗಾಯಗೊಂಡು ಗಟ್ಟಿಯಾದ) ಲಿವರ್. ಅಲ್ಲಿಯೂ ರಕ್ತನಾಳ ಆಗಲೇ ಬದಲಾಗಿರುತ್ತದೆ, ವ್ಯತ್ಯಾಸ ಕಡಿಮೆ ಕಾಣುತ್ತದೆ.

ಬದುಕುಳಿಯುವಿಕೆ ಅಂದಾಜಿಸುವ ಸೂತ್ರ ಕಟ್ಟುವವರು ಮೊದಲು ರೋಗಿಗಳನ್ನು ಎರಡು ಗುಂಪು ಮಾಡಿ, ಆಮೇಲೆ ಒಂದು ಗುಂಪಿನಲ್ಲಷ್ಟೇ ಜೀನ್ ಆರಿಸಿ, ಇನ್ನೊಂದರಲ್ಲಿ ಪರೀಕ್ಷಿಸಬೇಕು. ಎಲ್ಲರ ಮೇಲೆ ಆರಿಸಿ ನಂತರ ಹಂಚಿದರೆ ಅದು ಉತ್ತರ ನೋಡಿ ಬರೆದ ಪರೀಕ್ಷೆ. ಬಳಿಕ ಹೊರಗಿನ ದತ್ತಾಂಶದಲ್ಲಿ ತಾಳೆ ನೋಡಬೇಕು. ಜಿಎಸ್ಇ14520 ಎಂಬ ಸಂಖ್ಯೆಯ ಚೀನಾದ ಉಚಿತ ದತ್ತಾಂಶದಲ್ಲಿ ಬಹುಪಾಲು ಹೆಪಟೈಟಿಸ್ ಬಿ ರೋಗಿಗಳಿದ್ದಾರೆ, ನಮಗೂ ಹತ್ತಿರ. ಅದು ಮೈಕ್ರೊಅರೇ (ತುಣುಕು ಎಣಿಸದೆ, ಚಿಪ್ ಮೇಲಿನ ಹೊಳಪು ಅಳೆಯುವ ವಿಧಾನ) ಆದ್ದರಿಂದ ಅಳತೆ ಬೇರೆ. ಟಿಸಿಜಿಎಯಲ್ಲಿ ಹೆಚ್ಚು-ಕಡಿಮೆ ಅಪಾಯ ಬೇರ್ಪಡಿಸಿದ ಗಡಿಸಂಖ್ಯೆಯನ್ನು ಹಾಗೇ ತಂದು ಹಾಕಬಾರದು.

ಪಟ್ಟಿಯಲ್ಲಿ ಬಂದದ್ದೆಲ್ಲ ಔಷಧಿಯ ಗುರಿಯೂ ಅಲ್ಲ. ರಕ್ತನಾಳ ಬೆಳೆಯಲು ಸಂಕೇತ ಕೊಡುವ ವಿಇಜಿಎಫ್ ದಾರಿ ತಡೆಯುವ ಸೊರಾಫೆನಿಬ್‌ಗೆ 2007ರಲ್ಲಿ, ಅಟೆಜೋಲಿಜುಮಾಬ್–ಬೆವಾಸಿಜುಮಾಬ್ ಜೋಡಿಗೆ 2020ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು ರೋಗಿಗಳ ಮೇಲಿನ ಪ್ರಯೋಗದ ಬಳಿಕ. ಇಂಥ ಸುದ್ದಿ ಪ್ರಕಟಿಸುವಾಗ ಮಾದರಿಗಳ ಸಂಖ್ಯೆ, ಅವು ಯಾವ ದೇಶದವು, ಹೊರಗಿನ ದತ್ತಾಂಶದಲ್ಲಿ ತಾಳೆಯಾಯಿತೇ ಎಂಬುದನ್ನೂ ಪತ್ರಿಕೆ ಒಂದು ಸಾಲಿನಲ್ಲಿ ಕೊಡಲಿ.

– ಜೀವವಿಜ್ಞಾನ ಅಧ್ಯಾಪಕರು, ಕುಶಾಲನಗರ