ಬರೆದವರೂ ಅವರೇ, ನುಡಿಸಿದವರೂ ಅವರೇ

ಮಾನ್ಯ ಸಂಪಾದಕರೇ,

ಜಪಾನಿನ ಜನಪ್ರಿಯ ಸಂಗೀತದ ಮಾತು ಬಂದಾಗಲೆಲ್ಲ ಕುಣಿಯುತ್ತ ಹಾಡುವ ಹುಡುಗಿಯರ ತಂಡಗಳನ್ನಷ್ಟೇ ನೆನೆಯುವ ನಮ್ಮ ಪತ್ರಿಕೆಗಳು, ಐವರು ಮಹಿಳೆಯರ ರಾಕ್ ತಂಡವಾದ ‘ಪ್ರಿನ್ಸೆಸ್ ಪ್ರಿನ್ಸೆಸ್’ ಅನ್ನು ಮರೆತೇಬಿಡುತ್ತವೆ. ಜಪಾನಿನಲ್ಲಿ ಧ್ವನಿಮುದ್ರಿಕೆಗಳ ಮಾರಾಟವನ್ನು ಲೆಕ್ಕಹಾಕುವ ಒರಿಕಾನ್ ಸಂಸ್ಥೆಯ 1989ರ ವಾರ್ಷಿಕ ಪಟ್ಟಿಯಲ್ಲಿ ಇವರ ‘ಡೈಮಂಡ್ಸ್’ ಹಾಡು ಮೊದಲ ಸ್ಥಾನದಲ್ಲಿತ್ತು. ಎರಡನೆಯ ಸ್ಥಾನದಲ್ಲಿದ್ದದ್ದೂ ಇವರದೇ ಬೇಸಿಗೆಯ ಹಾಡು. ‘ಡೈಮಂಡ್ಸ್’ಗೆ ಸಾಹಿತ್ಯ ಗಿಟಾರ್ ವಾದಕಿ ಕನಾಕೊ ನಕಾಯಾಮಾ ಅವರದು, ರಾಗ ಗಾಯಕಿ ಕಾವೊರಿ ಒಕುಯಿ ಅವರದು, ಹೊರಗಿನವರು ಬರೆದುಕೊಟ್ಟದ್ದಲ್ಲ.

ನನಗೆ ಹೆಚ್ಚು ಹಿಡಿಸಿದ್ದು, ನಿಜ ಹೇಳಬೇಕೆಂದರೆ, ಅದೇ ಧ್ವನಿಮುದ್ರಿಕೆಯ ಮರುಬದಿಯಲ್ಲಿದ್ದ ‘ಎಂ’. ಡ್ರಮ್ಸ್ ನುಡಿಸುವ ಕ್ಯೋಕೊ ತೊಮಿತಾ ಬರೆದ ಈ ವಿರಹಗೀತೆಯ ಹೆಣ್ಣು, ಅಗಲಿದವನ ವಿಳಾಸವನ್ನು ಅಳಿಸಲಾರದೆ, ವಿಳಾಸದ ಪುಸ್ತಕದ ‘ಎಂ’ ಅಕ್ಷರದ ಪುಟವನ್ನು ಬೆರಳಿನಿಂದ ಸುಮ್ಮನೆ ಸವರುತ್ತಾಳೆ. ಅಬ್ಬರದ ರಾಕ್ ತಂಡವೊಂದರಿಂದ ಇಷ್ಟು ಮೆಲುದನಿಯ ಚಿತ್ರವನ್ನು ನಾನಂತೂ ನಿರೀಕ್ಷಿಸಿರಲಿಲ್ಲ.

1996ರಲ್ಲಿ ವಿಸರ್ಜನೆಗೊಂಡ ತಂಡ 2012ರಲ್ಲಿ ಮತ್ತೆ ಒಂದಾದದ್ದು, ಹಿಂದಿನ ವರ್ಷದ ಭೂಕಂಪ ಮತ್ತು ಸುನಾಮಿಯಿಂದ ನೊಂದವರಿಗೆ ನೆರವಿನ ಹಣ ಕೂಡಿಸಲು. ಇಂತಹ ತಂಡಗಳ ಹಾಡುಗಳನ್ನು ಕುರಿತ ಬರಹವೊಂದನ್ನು ನಿಮ್ಮ ಭಾನುವಾರದ ಪುರವಣಿಯಲ್ಲಿ ಪ್ರಕಟಿಸಬೇಕೆಂದು ಕೋರುತ್ತೇನೆ.

– ಓದುಗ, ಮೈಸೂರು